ಹಾರ ಮೊದಲು, ಹಾರಾಟ ಆಮೇಲೆ

ಎಂಟನೇ ಸೆಮಿಸ್ಟರಿನ ಪ್ರಾಜೆಕ್ಟ್ ವೈವಾ ಹತ್ತಿರ ಬಂತು ಅಂತ ತಿಳಿಯಲು ಸುತ್ತೋಲೆ ಬೇಕಿಲ್ಲ, ಟಿವಿ ಹಾಕಿದರೆ ಸಾಕು. ‘ಟ್ರಾಫಿಕ್‌ಗೆ ಗುಡ್‌ಬೈ! ಮನುಷ್ಯನನ್ನೇ ಹೊತ್ತು ಹಾರುವ ಡ್ರೋನ್, ಬೆಂಗಳೂರು ಹುಡುಗರ ಸಾಧನೆ!’ ಕಾಲೇಜಿನ ಆಟದ ಮೈದಾನ, ನಾಲ್ಕು ತೋಳು, ತೋಳಿಗೆ ಮೇಲೊಂದು ಕೆಳಗೊಂದರಂತೆ ಎಂಟು ಪ್ರೊಪೆಲ್ಲರ್, ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿ, ಅದರಲ್ಲಿ ತಂಡದಲ್ಲೇ ತೆಳ್ಳಗಿರುವ ಹುಡುಗ. ಮೂರಡಿ ಮೇಲೇಳುತ್ತದೆ. ಚಪ್ಪಾಳೆ. ಇಳಿಯುತ್ತದೆ. ಆ್ಯಂಕರ್ ಅಷ್ಟರಲ್ಲಿ ಸಿಲ್ಕ್ ಬೋರ್ಡ್ ದಾಟಿ ದೇವನಹಳ್ಳಿ ಮುಟ್ಟಿರುತ್ತಾರೆ.

ಮೂರಡಿಯೇ ಯಾಕೆ? ನಾಲ್ಕಡಿ ಅಗಲದ ಪ್ರೊಪೆಲ್ಲರ್ ನೆಲಕ್ಕೆ ಹತ್ತಿರ ತಿರುಗುವಾಗ ಅದು ಕೆಳಕ್ಕೆ ತಳ್ಳುವ ಗಾಳಿಗೆ ಹೋಗಲು ಜಾಗ ಸಾಲದು. ನೆಲವೇ ಕೈ ಕೊಟ್ಟು ಎತ್ತಿದ ಹಾಗೆ, ಕಡಿಮೆ ಶಕ್ತಿಯಲ್ಲೇ ಯಂತ್ರ ತೇಲುತ್ತದೆ. ಪ್ರೊಪೆಲ್ಲರಿನ ಅಗಲಕ್ಕಿಂತ ಮೇಲೆ ಹೋದರೆ ಈ ಪುಕ್ಕಟೆ ಸಹಾಯ ಮುಗಿಯಿತು. ವಿಡಿಯೊಗಳೂ ಸರಿಯಾಗಿ ಅಲ್ಲಿಗೇ ಮುಗಿಯುತ್ತವೆ.

ಹಾರಿಸುವ ಮುಂಚೆ ಪೂಜೆ ಆಗಲೇಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆಯುಧಪೂಜೆಯಲ್ಲಿ ಬೈಕಿಗೆ ಮಾಡುವುದಿಲ್ಲವೇ? ಆದರೆ ಬೈಕಿನ ಹ್ಯಾಂಡಲ್‌ಗೆ ಕಟ್ಟಿದ ಚೆಂಡು ಹೂವಿನ ಹಾರ ಬೈಕನ್ನು ಕೆಡವುವುದಿಲ್ಲ. ಇಲ್ಲಿ ಆ ಹಾರವನ್ನು ಮೋಟರಿನ ತೋಳಿಗೇ ಸುತ್ತುತ್ತಾರೆ, ಮೇಲಿನ ಕಾರ್ಬನ್ ಪ್ರೊಪೆಲ್ಲರಿಗೂ ಕೆಳಗಿನದಕ್ಕೂ ನಡುವೆ. ದಾರದ ತುದಿ ಒಳಕ್ಕೆ ಎಳೆದುಕೊಂಡರೆ ಅಲಗಿಗೋ ಮೋಟರಿಗೋ ಸುತ್ತಿಕೊಳ್ಳುತ್ತದೆ. ಒಡೆದ ತೆಂಗಿನಕಾಯಿಯ ಚೂರುಗಳನ್ನು ಯಾರೂ ಹೆಕ್ಕುವುದಿಲ್ಲ. ಪ್ರೊಪೆಲ್ಲರಿನ ಗಾಳಿಗೆ ಅವು ಎದ್ದು ಬಂದು ಮೊಣಕಾಲಿಗೆ ಬಡಿಯುತ್ತವೆ. ಕುಂಕುಮವಂತೂ ಮುಖ್ಯ ಅತಿಥಿಗಳ ಬಿಳಿ ಅಂಗಿಗೇ ಮೀಸಲು. ನಿಂಬೆಹಣ್ಣೊಂದೇ ನಿರಪಾಯಕಾರಿ.

ಇನ್ನು ಲೆಕ್ಕ. ಹುಡುಗ 70 ಕೆಜಿ, ಬ್ಯಾಟರಿ 50, ಪೀಣ್ಯದಲ್ಲಿ ಕಟ್ ಮಾಡಿಸಿದ ಅಲ್ಯೂಮಿನಿಯಂ ಚೌಕಟ್ಟು, ಮೋಟರು, ವೈರು ಎಲ್ಲ ಸೇರಿ 80. ಒಟ್ಟು 200. ಕಂಪನಿಯ ಪಟ್ಟಿ ಪ್ರಕಾರ ಒಂದು ಮೋಟರು 50 ಕೆಜಿ ಎತ್ತುತ್ತದೆ. ಎಂಟಕ್ಕೆ 400, ಅಂದರೆ ತೂಕದ ಎರಡರಷ್ಟು. ಪಿಪಿಟಿಯಲ್ಲಿ ಇಷ್ಟು ಬಂದರೆ ಗೈಡ್ ಸಹಿ ಹಾಕುತ್ತಾರೆ. ಆ ಪಟ್ಟಿ ಸಮುದ್ರ ಮಟ್ಟದ ತಂಪು ಗಾಳಿಯದ್ದು. ನಮ್ಮೂರು 900 ಮೀಟರ್ ಮೇಲಿದೆ. ಬೇಸಿಗೆಯ ಮಧ್ಯಾಹ್ನ ಇಲ್ಲಿನ ಗಾಳಿ ಅದಕ್ಕಿಂತ ಸುಮಾರು ಶೇ 15ರಷ್ಟು ತೆಳು. 400 ಆಗಲೇ 340 ಆಯಿತು. ಒಂದೇ ತೋಳಿನಲ್ಲಿ ಒಂದರ ಕೆಳಗೊಂದು ಪ್ರೊಪೆಲ್ಲರ್ ಇಟ್ಟಿದ್ದರಿಂದ ಕೆಳಗಿನದಕ್ಕೆ ಸಿಗುವುದು ಮೇಲಿನದು ಕಲಕಿಬಿಟ್ಟ ಗಾಳಿ. ಅದಕ್ಕೆ ಒಟ್ಟು ತಾಕತ್ತಿನಲ್ಲಿ ಇನ್ನೊಂದು ಐದನೇ ಒಂದು ಭಾಗ ಕಳೆಯಿರಿ. 270 ಉಳಿಯಿತು.

‘ಒಂದು ಮೋಟರು ಕೆಟ್ಟರೂ ಬೀಳಲ್ಲ ಸಾರ್, ಎಂಟಿದಾವಲ್ಲ’ ಅನ್ನುತ್ತಾರೆ. ಒಂದೊಂದು ತೋಳಿನ ಪಾಲಿಗೆ 50 ಕೆಜಿ ಭಾರ. ಜೋಡಿಯಲ್ಲಿ ಒಂದು ನಿಂತರೆ ಇನ್ನೊಂದು ಒಂಟಿಯಾಗಿ ಅಷ್ಟನ್ನೂ ಹೊರಬೇಕು. ನಮ್ಮ ಗಾಳಿಯಲ್ಲಿ ಅದರ ಪೂರ್ತಿ ತಾಕತ್ತೇ 42 ಕೆಜಿ ಚಿಲ್ಲರೆ. ಆ ಮೂಲೆ ಇಳಿಯುತ್ತದೆ, ಕುರ್ಚಿ ವಾಲುತ್ತದೆ, ಹುಡುಗನೂ ಅದೇ ಕಡೆ ವಾಲುತ್ತಾನೆ. ಮೋಟರು ನಿಲ್ಲಲು ದೊಡ್ಡ ಕಾರಣವೇನೂ ಬೇಡ. ಸರಿಯಾಗಿ ಬೆಸುಗೆ ಕೂರದ ಒಂದು ಕನೆಕ್ಟರ್ ಸಾಕು. ನೆಲ ಬಿಟ್ಟು ನಿಲ್ಲಲು ಹತ್ತಿರ ಹತ್ತಿರ 50 ಕಿಲೋವ್ಯಾಟ್ ಬೇಕು, ಅಂದರೆ 25 ಗೀಸರ್ ಒಟ್ಟಿಗೆ ಹಾಕಿದಷ್ಟು. 100 ವೋಲ್ಟಿನ ಬ್ಯಾಟರಿಯಿಂದ 500 ಆಂಪಿಯರ್ ಹರಿಯುವಾಗ ಎಸ್‌ಪಿ ರಸ್ತೆಯ ಅಗ್ಗದ ಕನೆಕ್ಟರ್ ಬೆಣ್ಣೆಯಂತೆ ಕರಗುತ್ತದೆ.

50 ಕೆಜಿ ಲಿಥಿಯಂ ಬ್ಯಾಟರಿಯಲ್ಲಿ 8 ಯೂನಿಟ್ ವಿದ್ಯುತ್ ಹಿಡಿಯುತ್ತದೆ ಅಂದುಕೊಳ್ಳಿ. ಪೂರ್ತಿ ಖಾಲಿ ಮಾಡುವಂತಿಲ್ಲ, ಐದನೇ ಒಂದು ಭಾಗ ಉಳಿಸಲೇಬೇಕು. ಹಾರಾಟ ಏಳೂವರೆ ನಿಮಿಷ. ಗಂಟೆಗೆ 60 ಕಿ.ಮೀ. ವೇಗ ಹಿಡಿದರೂ, ಏರಿಳಿತಕ್ಕೂ ಎದುರುಗಾಳಿಗೂ ಮೂರು ನಿಮಿಷ ಬಿಟ್ಟರೆ, ಸಿಲ್ಕ್ ಬೋರ್ಡಿನಿಂದ ಹೊರಟವನು ಎಲೆಕ್ಟ್ರಾನಿಕ್ ಸಿಟಿಯನ್ನೂ ಮುಟ್ಟುವುದಿಲ್ಲ, ಕೂಡ್ಲು ಗೇಟ್ ಹತ್ತಿರ ಇಳಿದುಬಿಡಬೇಕು. ಅಲ್ಲಿಂದ ಹಳದಿ ಮಾರ್ಗದ ಮೆಟ್ರೊ ಇದೆ, 2025ರ ಆಗಸ್ಟಿನಿಂದ ಓಡುತ್ತಿದೆ. 130 ಕೆಜಿ ಲಗೇಜಿಗೆ ಅವರು ಒಪ್ಪುವುದು ಕಷ್ಟ.

ಕಾನೂನಿನ ಮಾತು ಎತ್ತಿದರೆ ‘2021ರ ಡ್ರೋನ್ ನಿಯಮದಲ್ಲಿ ಸಂಶೋಧನೆಗೆ ವಿನಾಯಿತಿ ಇದೆ’ ಎಂಬ ಉತ್ತರ ರೆಡಿ. ಇದೆ, ಆದರೆ ಹಸಿರು ವಲಯದಲ್ಲಿ, ಅಂದರೆ ಡ್ರೋನ್ ಹಾರಿಸಲು ಮೊದಲೇ ಅನುಮತಿ ಕೇಳಬೇಕಿಲ್ಲದ ಜಾಗದಲ್ಲಿ, ಅದೂ ನಿಮ್ಮದೇ ಆವರಣದಲ್ಲಿ. ಚಾಲ್ತಿಯಲ್ಲಿರುವ ವಿಮಾನ ನಿಲ್ದಾಣದ ಬೇಲಿಯಿಂದ 8 ಕಿ.ಮೀ. ಒಳಗೆ ಹಸಿರು ವಲಯವೇ ಇಲ್ಲ. ನಕ್ಷೆ ತೆಗೆದು ಎಚ್‌ಎಎಲ್, ಜಕ್ಕೂರು, ಯಲಹಂಕ, ದೇವನಹಳ್ಳಿಗೆ ಕೈವಾರ ಊರಿ ವೃತ್ತ ಎಳೆಯಿರಿ, ಎಷ್ಟು ಕಾಲೇಜು ಹೊರಗುಳಿಯುತ್ತವೆ ನೋಡೋಣ. ಅದಕ್ಕಿಂತ ದೊಡ್ಡ ತಮಾಷೆ ಎಂದರೆ ಆ ನಿಯಮ ಮನುಷ್ಯರಿಲ್ಲದ ವಿಮಾನಕ್ಕೆ. ಹುಡುಗ ಕುರ್ಚಿಯಲ್ಲಿ ಕೂತ ಕ್ಷಣವೇ ಅದು ಡ್ರೋನ್ ಅಲ್ಲ, ವಿಮಾನ. ನೋಂದಣಿ, ಲೈಸೆನ್ಸು, ಪರವಾನಗಿ ಎಲ್ಲ ಬೇಕು. ಮನೆಯ ತಾರಸಿಯಲ್ಲಿ ವಿಮಾನ ಕಟ್ಟಿದ ಮುಂಬೈ ಪೈಲಟ್ ಅಮೋಲ್ ಯಾದವ್ ವರ್ಷಗಟ್ಟಲೆ ಅಲೆದ ಮೇಲೆ ನೋಂದಣಿ ಸಿಕ್ಕಿದ್ದು 2017ರಲ್ಲಿ. ಸಂಖ್ಯೆ ವಿಟಿ-ಎನ್‌ಎಂಡಿ. ಪ್ರಧಾನಿ ನರೇಂದ್ರ ಮೋದಿ, ಮಹಾರಾಷ್ಟ್ರದ ಮುಖ್ಯಮಂತ್ರಿ ದೇವೇಂದ್ರ ಫಡಣವೀಸ್ ಇಬ್ಬರ ಇನಿಶಿಯಲ್ಲೂ ಅದರಲ್ಲೇ. ನಮ್ಮ ಹುಡುಗರು ಈಗಿನಿಂದಲೇ ಅಕ್ಷರ ಹೊಂದಿಸಿಡುವುದು ಒಳ್ಳೆಯದು. ಇಲ್ಲಿ ಯಾರ ಇನಿಶಿಯಲ್ ಎಷ್ಟು ದಿನ ಇರುತ್ತದೋ ಹೇಳಲಾಗದು, ಆ ಕಷ್ಟ ಬೇರೆ.

ಆಕಾಶ ತೋರಿಸುವುದು ಈ ಊರಿಗೆ ಹೊಸದೇನಲ್ಲ. 2018ರ ಮಾರ್ಚ್‌ನಲ್ಲಿ ಏರ್‌ಪೋರ್ಟಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೆಲಿಟ್ಯಾಕ್ಸಿ ಬಂತು, 15 ನಿಮಿಷ ಅಂದರು. 2024ರ ಅಕ್ಟೋಬರ್‌ನಲ್ಲಿ ಹಾರುವ ಟ್ಯಾಕ್ಸಿ ಬರುತ್ತದೆ, ಇಂದಿರಾನಗರದಿಂದ ಏರ್‌ಪೋರ್ಟಿಗೆ 5 ನಿಮಿಷ, 1,700 ರೂಪಾಯಿ ಅಂದರು. ಅಂದವರೂ ಕೇಳಿದವರೂ ಹೊರ ವರ್ತುಲ ರಸ್ತೆಯಲ್ಲೇ ನಿಂತಿದ್ದರು, ಹಾರ್ನ್ ಒತ್ತುತ್ತಾ.

ನಗುವುದು ಸಾಕು. ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ನಿದ್ದೆಗೆಟ್ಟು ಬೆಸುಗೆ ಹಾಕಿದ್ದಾರೆ, ಸಾಲ ಮಾಡಿ ಮೋಟರು ತರಿಸಿದ್ದಾರೆ. ಸಿಟ್ಟು ಬರುವುದು ಲಕ್ಷಗಟ್ಟಲೆ ಫೀಸು ಎಣಿಸಿಕೊಂಡು ಎತ್ತುವ ಬಲ ಅಳೆಯುವ, ಕೆಲವು ಸಾವಿರದ ಒಂದು ಲೋಡ್ ಸೆಲ್ ಕೊಡಿಸದವರ ಮೇಲೆ. ಮೋಟರು ನಿಜಕ್ಕೂ ಎಷ್ಟು ಎತ್ತುತ್ತದೆ ಅಂತ ಅಳೆಯದೆ ಹುಡುಗನನ್ನು ಹತ್ತಿಸುತ್ತೀರಲ್ಲ! ಬ್ಯಾಟರಿ ಚಾರ್ಜ್ ಆಗುವುದು ಹಾಸ್ಟೆಲ್ ಮಂಚದ ಕೆಳಗೆ. ಅದು ಹೊತ್ತಿಕೊಂಡರೆ ಗೋಡೆಯ ಮೇಲಿನ ಪೌಡರ್ ಸಿಲಿಂಡರಿಗೆ ಆರುವ ಬೆಂಕಿಯಲ್ಲ. ಮಾಡಬೇಕಾದ್ದು ಇಷ್ಟೇ: ಕುರ್ಚಿಯಲ್ಲಿ 70 ಕೆಜಿಯ ಮರಳು ಚೀಲ ಬಿಗಿದು ಕಟ್ಟಿ, ನಾಲ್ಕೂ ಮೂಲೆಯಿಂದ ನೆಲದ ಗೂಟಕ್ಕೆ ಹಗ್ಗ ಹಾಕಿ, ಜನರನ್ನು ದೂರ ನಿಲ್ಲಿಸಿ, ಐವತ್ತು ಸಲ ಎತ್ತಿ ಇಳಿಸಿ. ಬೇಕೆಂದೇ ಒಂದು ಮೋಟರು ನಿಲ್ಲಿಸಿ ನೋಡಿ. ಮರಳು ಚೀಲಕ್ಕೆ ಅಪ್ಪ ಅಮ್ಮ ಇಲ್ಲ. ಆದರೆ ಮರಳು ಚೀಲದ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳಲು ಯಾವ ಅಧ್ಯಕ್ಷರೂ ಬರುವುದಿಲ್ಲ, ಅದೇ ತೊಂದರೆ.

ಮುಂದಿನ ಬ್ಯಾಚು ಎರಡು ಸೀಟಿನದ್ದು ಮಾಡುತ್ತದಂತೆ. ಇನ್ನೊಂದು 70 ಕೆಜಿ ಸೇರಿದರೆ ಒಟ್ಟು 270, ಎತ್ತುವ ತಾಕತ್ತೂ ಅಷ್ಟೇ, ಮೇಲೇಳುವುದೇ ಅನುಮಾನ. ಎದ್ದರೂ ಬೇಕಾಗುವ ಶಕ್ತಿ ಒಂದೂವರೆ ಪಟ್ಟಿಗೂ ಜಾಸ್ತಿ, ಬ್ಯಾಟರಿ ಅದೇ ಆದರೆ ಹಾರಾಟ ಐದು ನಿಮಿಷಕ್ಕೂ ಕಮ್ಮಿ. ಇಬ್ಬರೂ ಬೊಮ್ಮನಹಳ್ಳಿಯಲ್ಲೇ ಇಳಿದುಕೊಳ್ಳಿ.