ಎಪ್ಪತ್ತು ಪರ್ಸೆಂಟ್ ಬೆಚ್ಚಗೆ

ಚಳಿ ದೇಶಗಳಲ್ಲಿ ಚಳಿಗಾಲದ ಬಟ್ಟೆ ಅಗ್ಗವಾಗುವುದು ಚಳಿ ಇನ್ನೂ ಅರ್ಧ ಬಾಕಿ ಇರುವಾಗಲೇ. ಹೊರಗೆ ಹಿಮ ಬೀಳುತ್ತಿರುತ್ತದೆ. ಅಂಗಡಿಯ ಗಾಜಿನೊಳಗಿನ ಬೊಂಬೆ ಮಾತ್ರ ಚಡ್ಡಿ ಹಾಕಿಕೊಂಡು ಟೆಂಟ್ ಮುಂದೆ ಕೂತಿರುತ್ತದೆ. ಫೆಬ್ರವರಿ ಬಂತೆಂದರೆ ಅಂಗಡಿಯವರ ಲೆಕ್ಕದಲ್ಲಿ ಬೇಸಿಗೆ ಬಂದಂತೆ. ಮಾರಾಟವಾಗದ ಜಾಕೆಟ್‌ಗಳನ್ನೆಲ್ಲ ಹಿಂದಿನ ಮೂಲೆಗೆ ತಳ್ಳಿ, ಮೇಲೊಂದು ಕೆಂಪು ಬೋರ್ಡು ತೂಗಿಬಿಡುತ್ತಾರೆ: 70 ಪರ್ಸೆಂಟ್‌ವರೆಗೆ ಕಡಿತ. ಆ 70 ಯಾವುದಕ್ಕೆ ಅಂತ ಹುಡುಕುತ್ತಾ ಹೋದರೆ ಕೊನೆಗೆ ಸಿಗುವುದು ಷೂ ಲೇಸು.

ನಮಗೆ ಬೇಕಾಗಿದ್ದದ್ದು ಬಸ್ ಸ್ಟಾಪಿನಲ್ಲಿ ನಿಲ್ಲಲು ಒಂದೊಂದು ಜಾಕೆಟ್. ಅಷ್ಟೇ. ಆದರೆ ನಮ್ಮ ಮನೆಯವರು ಶುಕ್ರವಾರ ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂತರು. ಬೆಳಗಾಗುವ ಹೊತ್ತಿಗೆ ಜವಳಿ ಇಂಜಿನಿಯರ್ ಆಗಿ ಎದ್ದರು.

ಬಸ್ಸಿನಲ್ಲಿ ಪಾಠ ಶುರುವಾಯಿತು. 1969ರಲ್ಲಿ ಬಾಬ್ ಗೋರ್ ಅನ್ನುವವರು ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ ಕಡ್ಡಿಯನ್ನು ಬಿಸಿ ಮಾಡಿ ಮೆಲ್ಲಗೆ ಎಳೆದು ನೋಡುತ್ತಿದ್ದರಂತೆ. ಪ್ರತಿ ಸಲವೂ ಅದು ಪಟ್ ಅಂತ ತುಂಡಾಗುತ್ತಿತ್ತು. ರೋಸಿಹೋಗಿ ಒಮ್ಮೆ ರಪ್ಪನೆ ಎಳೆದರು. ಕಡ್ಡಿ ಮುರಿಯುವ ಬದಲು ಹಲವು ಪಟ್ಟು ಉದ್ದವಾಯಿತು. ಅದರಿಂದ ಹುಟ್ಟಿದ್ದೇ ಮಳೆ ತಡೆಯುವ ಜಾಕೆಟ್ಟಿಗೆ ಹಾಕುವ ತೆಳು ಪದರ, ಗೋರ್‌ಟೆಕ್ಸ್. ಅದರ ತೂತುಗಳು ಎಷ್ಟು ಸಣ್ಣ ಅಂದರೆ ಮಳೆಹನಿ ಒಳಗೆ ಬರುವುದಿಲ್ಲ, ಬೆವರಿನ ಆವಿ ಮಾತ್ರ ಹೊರಗೆ ಹೋಗುತ್ತದೆ. ‘ಸಿಟ್ಟಿನಿಂದ ಒಳ್ಳೇದೂ ಆಗುತ್ತೆ ನೋಡು’ ಅಂದರು. ನಾನು ಆ ಮಾತನ್ನು ಮುಂದಕ್ಕೆ ಬೇಕಾಗಬಹುದೆಂದು ನೆನಪಿಟ್ಟುಕೊಂಡೆ.

ಅಂಗಡಿಯಲ್ಲಿ ಅವರು ಬಟ್ಟೆ ಮುಟ್ಟಿ ನೋಡಲೇ ಇಲ್ಲ. ಚೀಟಿ ಮಾತ್ರ ಓದುತ್ತಾ ಹೋದರು. ಒಂದರಲ್ಲಿ 10,000 ಮಿಲಿಮೀಟರ್ ಅಂತ ಇತ್ತು. ಹತ್ತು ಮೀಟರ್ ಎತ್ತರದ ನೀರಿನ ಕಂಬ ಮೇಲೆ ನಿಂತರೂ ಈ ಬಟ್ಟೆ ಆ ಒತ್ತಡವನ್ನು ತಡೆಯುತ್ತದೆ ಅನ್ನುವ ಲೆಕ್ಕ ಅದು. ಅಷ್ಟಕ್ಕೆ ಇವರಿಗೆ ಸಮಾಧಾನ ಇಲ್ಲ. 20,000ದ್ದೇ ಬೇಕು.

‘ಆರಂತಸ್ತಿನ ಮನೆಯಷ್ಟು ನೀರು ನನ್ನ ಹೆಗಲ ಮೇಲೆ ಯಾವಾಗ ನಿಲ್ಲುತ್ತೆ?’ ಅಂತ ಕೇಳಿದೆ.

‘ಇರಲಿ, ಆಪತ್ಕಾಲಕ್ಕೆ.’

ಕಡಿತದ ಸಾಲಿನಲ್ಲಿ ನಮ್ಮ ಅಳತೆಯವರಿಗೆ ಏನೂ ಉಳಿದಿರುವುದಿಲ್ಲ. ಒಂದು ತುದಿಯಲ್ಲಿ ಗುಬ್ಬಚ್ಚಿಗಾಗುವಂಥದ್ದು, ಇನ್ನೊಂದು ತುದಿಯಲ್ಲಿ ಇಬ್ಬರು ಸೇರಿ ಹಾಕಿಕೊಳ್ಳಬಹುದಾದದ್ದು. ಬಣ್ಣದ ಕಥೆಯೂ ಅದೇ. ಕಪ್ಪು, ನೀಲಿ ಯಾವತ್ತೂ ಪೂರ್ತಿ ಬೆಲೆಗೇ ಹೋಗುತ್ತವೆ. ಅಗ್ಗವಾಗುವುದು ಗಿಳಿ ಹಸಿರು, ಅಡ್ಡಡ್ಡ ಗುಲಾಬಿ ಪಟ್ಟಿ. ಬೆಟ್ಟದಲ್ಲಿ ಕಳೆದುಹೋದರೆ ಹುಡುಕುವವರಿಗೆ ದೂರದಿಂದಲೇ ಕಾಣಲಿ ಅಂತ ಇಂಥ ಬಣ್ಣ ಇಡುತ್ತಾರಂತೆ. ಬಸ್ ಸ್ಟಾಪಿನಲ್ಲಿ ನನ್ನನ್ನು ಯಾರೂ ಹುಡುಕುತ್ತಿರಲಿಲ್ಲ. ಆದರೂ ಗಿಳಿ ಹಸಿರೇ ನನ್ನ ಪಾಲಿಗೆ ಬಂತು, ಏಕೆಂದರೆ ಅದರ ಮೇಲೆ 50 ಪರ್ಸೆಂಟ್ ಅಂತ ಇತ್ತು.

ಅದು ಸ್ಕೀಯಿಂಗ್ ಜಾಕೆಟ್. ಒಳಗೆ ಸೊಂಟದ ಸುತ್ತ ಒಂದು ಎಲಾಸ್ಟಿಕ್ ಲಂಗ. ಬಿದ್ದಾಗ ಹಿಮ ಮೇಲಕ್ಕೆ ನುಗ್ಗದಿರಲು. ಹೊಲಿಗೆಯೊಳಗೆ ರೆಕ್ಕೋ ಅನ್ನುವ ಪುಟ್ಟ ಪಟ್ಟಿ. ಹಿಮಕುಸಿತದಲ್ಲಿ ಹೂತುಹೋದರೆ ಮೇಲಿನವರು ರೇಡಾರ್ ಹಿಡಿದು ಪತ್ತೆ ಮಾಡಬಹುದು. ಟೋಪಿಯಂತೂ ಹೆಲ್ಮೆಟ್ ಮೇಲೆ ಹಾಕುವ ಅಳತೆಯದ್ದು. ಹೆಲ್ಮೆಟ್ ಇಲ್ಲದೆ ಹಾಕಿಕೊಂಡರೆ ತಲೆ ತಿರುಗುತ್ತದೆ, ಟೋಪಿ ತಿರುಗುವುದಿಲ್ಲ. ಬಸ್ ಬಂತಾ ಅಂತ ಬಲಕ್ಕೆ ನೋಡಿದರೆ ಕಾಣುವುದು ಜಾಕೆಟ್‌ನ ಅಸ್ತರು. ಎಡ ತೋಳಿನ ಮೇಲೊಂದು ಸಣ್ಣ ಜೇಬಿದೆ. ಬೆಟ್ಟ ಹತ್ತಿಸುವ ಕೇಬಲ್ ಲಿಫ್ಟಿನ ಕಾರ್ಡಿಗೆ. ಅದರಲ್ಲಿ ಬಸ್ ಕಾರ್ಡ್ ಹಾಕಿದ್ದೇನೆ. ಬಸ್ ಹತ್ತುವಾಗ ಮೊಣಕೈ ಎತ್ತಿ ಯಂತ್ರಕ್ಕೆ ಒತ್ತುತ್ತೇನೆ. ಡ್ರೈವರ್ ಒಮ್ಮೊಮ್ಮೆ ಹಿಂದಕ್ಕೆ ಸರಿಯುತ್ತಾರೆ.

ಮನೆಯವರಿಗೆ ಹೆಬ್ಬಾತು-ಬಾತುಗಳ ಮೆದುಪುಕ್ಕ ತುಂಬಿದ ಜಾಕೆಟ್ಟೇ ಬೇಕಿತ್ತು. ಅದಕ್ಕೆ ಬೇರೆ ನಂಬರು. 600, 700, 800. ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ಪುಕ್ಕ ಉಬ್ಬಿದಾಗ ಎಷ್ಟು ಘನ ಇಂಚು ಜಾಗ ತುಂಬುತ್ತದೆ ಅನ್ನುವ ಲೆಕ್ಕ. 800 ಇದ್ದರೆ ಸಾಕು ಅಂತ ಹೊರಟವರಿಗೆ ಸೇಲ್ಸ್ ಹುಡುಗಿ ನಿಧಾನವಾಗಿ ತಿಳಿಸಿದಳು: ಗುಣ ಎಷ್ಟಿದ್ದರೇನು, ಒಳಗೆ ಎಷ್ಟು ಗ್ರಾಂ ತುಂಬಿದ್ದಾರೆ ಅನ್ನುವುದೂ ನೋಡಬೇಕು. 800ರದ್ದು ಸ್ವಲ್ಪವೇ ಇದ್ದರೆ 600ರದ್ದು ಜಾಸ್ತಿ ಇರುವ ಜಾಕೆಟ್ಟೇ ಬೆಚ್ಚಗೆ. ಒಂದು ರಾತ್ರಿಯ ವಿದ್ಯಾಭ್ಯಾಸ ಅಲ್ಲೇ ಕುಸಿಯಿತು.

ಆಮೇಲೆ ಆಕೆ ಇವರನ್ನು ತಲೆಯಿಂದ ಕಾಲಿನವರೆಗೆ ಅಳೆದು ನೋಡಿದಳು. ದನಿ ತಗ್ಗಿಸಿ, ‘ಮೇಲಿನ ಮಹಡಿಗೆ ಹೋಗಿ ನೋಡ್ತೀರಾ?’ ಅಂದಳು. ಮೇಲಿನ ಮಹಡಿ ಮಕ್ಕಳ ವಿಭಾಗ. ಅಲ್ಲಿ ಅಳತೆ ಎತ್ತರದ ಮೇಲೆ, ಸೆಂಟಿಮೀಟರ್‌ಗಳಲ್ಲಿ. 164 ನಂಬರಿನದ್ದು ಸುಮಾರು ಹದಿನಾಲ್ಕು ವರ್ಷದವರಿಗೆ. ಇವರಿಗೆ ಹೇಳಿ ಮಾಡಿಸಿದಂತೆ ಕೂತಿತು. ಎದೆಯ ಮೇಲೆ ನಗುತ್ತಿರುವ ನರಿ. ತೋಳಿಗೆ ಕತ್ತಲಲ್ಲಿ ಹೊಳೆಯುವ ಪಟ್ಟಿ. ಕಾಲರಿನ ಒಳಗೆ ಶಾಲೆ, ತರಗತಿ, ಅಪ್ಪನ ಫೋನ್ ನಂಬರ್ ಬರೆಯಲು ಜಾಗ. ಇವರ ಮುಖ ಸಣ್ಣದಾಯಿತು. ಬೆಲೆ ಚೀಟಿ ತಿರುಗಿಸಿ ನೋಡಿದ ಮೇಲೆ ಮತ್ತೆ ದೊಡ್ಡದಾಯಿತು. ಕೆಳಗಿನ ಮಹಡಿಯ ಅರ್ಧವೂ ಇರಲಿಲ್ಲ.

ಇನ್ನು ಬಿಲ್ ಹಾಕಿಸುವುದೇ ಬಾಕಿ ಅನ್ನುವಾಗ ಆ ಹುಡುಗಿ ಮೂರು ಪದರದ ಶಾಸ್ತ್ರ ತೆಗೆದಳು. ಮೈಗೆ ಅಂಟಿಕೊಂಡು ಬೆವರು ಹೀರುವ ಪದರ, ಅದರ ಮೇಲೆ ಬೆಚ್ಚಗಿಡುವ ಪದರ, ಎಲ್ಲಕ್ಕಿಂತ ಹೊರಗೆ ಗಾಳಿ-ಮಳೆ ತಡೆಯುವ ಪದರ. ನನ್ನ ಗಿಳಿ ಹಸಿರು ಬರೀ ಹೊರ ಪದರ, ಅದರೊಳಗೆ ಬೆಚ್ಚಗಿಡುವಂಥದ್ದು ಏನೂ ಇಲ್ಲ. ಇವರ ಪುಕ್ಕ ಬೆಚ್ಚಗೇನೋ ಇದೆ, ನೆನೆದರೆ ಮುದ್ದೆಗಟ್ಟಿ ಕೆಲಸಕ್ಕೆ ಬರುವುದಿಲ್ಲ. ಅಂದರೆ ನನಗೆ ಚಳಿ ಇರುವಾಗ ಹಾಕುವ ಹಾಗಿಲ್ಲ, ಇವರಿಗೆ ಮಳೆ ಇರುವಾಗ. ಇಲ್ಲಿ ಎರಡೂ ಒಟ್ಟಿಗೇ ಇರುತ್ತವೆ.

ಹಾಗಾಗಿ ಮೆರಿನೋ ಉಣ್ಣೆಯ ಒಳಬನಿಯನ್. ಟ್ರಯಲ್ ರೂಮಿನಲ್ಲಿ ಅದನ್ನು ಹಾಕುವುದು ಸುಲಭವಾಗಿತ್ತು. ತೆಗೆಯುವಾಗ ಮೊಣಕೈ ಎರಡೂ ಮೇಲೆ ಹೋದವು, ಕುತ್ತಿಗೆ ಒಳಗೆ ಉಳಿಯಿತು. ಉಣ್ಣೆಯ ಕತ್ತಲಲ್ಲಿ ನಿಂತು ಮನೆಯವರನ್ನು ಕೂಗಿದೆ. ಅವರು ಪರದೆಯ ಆಚೆಯಿಂದಲೇ, ‘ರಪ್ಪನೆ ಎಳಿ, ಬಾಬ್ ಗೋರ್ ಎಳೆದ ಹಾಗೆ’ ಅಂದರು. ಎಳೆದೆ. ಬನಿಯನ್ ಬಂತು, ಜೊತೆಗೆ ಓಲೆಯೂ ಬಂತು. ಹೊಲಿಗೆ ಬಿಟ್ಟಿದ್ದರಿಂದ ಅದನ್ನೂ ಕೊಳ್ಳಬೇಕಾಯಿತು, ಪೂರ್ತಿ ಬೆಲೆಗೆ.

ಭಾನುವಾರ ಬೆಳಿಗ್ಗೆ ನರಿಯ ಮೇಲೆ ಕಾಫಿ ಚೆಲ್ಲಿತು. ಚೀಟಿ ನೋಡಿದರೆ ಅದು ಔಷಧಿ ಕೊಡುವ ಕ್ರಮಕ್ಕಿಂತ ಉದ್ದ. ಬಟ್ಟೆ ಮೆದುವಾಗಿಸುವ ದ್ರಾವಣ ಕೂಡದು, ಕಡಿಮೆ ಶಾಖದಲ್ಲಿ ಗಂಟೆಗಟ್ಟಲೆ ಒಣಗಿಸಬೇಕು, ಪುಕ್ಕ ಗಂಟು ಕಟ್ಟದಂತೆ ಡ್ರೈಯರ್‌ನಲ್ಲಿ ಜೊತೆಗೆ ಟೆನಿಸ್ ಚೆಂಡು ಹಾಕಬೇಕು. ಟೆನಿಸ್ ಆಡುವವರು ನಮ್ಮಲ್ಲಿ ಯಾರಿದ್ದಾರೆ? ಮತ್ತೆ ಅಂಗಡಿಗೆ ಹೋಗಿ ಚೆಂಡು ತಂದರು. ಚೆಂಡಿಗೆ ಕಡಿತ ಇರಲಿಲ್ಲ.

ರಾತ್ರಿ ಡ್ರೈಯರ್ ಶುರುವಾಯಿತು. ಧಡ್, ಧಡ್, ಧಡ್. ಮೇಜಿನ ಮೇಲಿನ ಲೋಟಗಳು ತಾವೇ ಜಾಗ ಬದಲಿಸಿದವು. ನಡುವೆ ನಿಲ್ಲಿಸಿ ಮುಟ್ಟಿ ನೋಡಿದರೆ ಪುಕ್ಕ ಇನ್ನೂ ಮುದ್ದೆ ಮುದ್ದೆ. ಮತ್ತೆ ಹಾಕಿದೆವು. ಹತ್ತು ಗಂಟೆ ದಾಟಿದ ಮೇಲೆ ಬಾಗಿಲು ಬಡಿದ ಸದ್ದು. ಕೆಳಗಿನ ಮನೆಯವರು. ಕ್ಷಮೆ ಕೇಳುವ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು ಬಾಗಿಲು ತೆಗೆದೆ.

ನಾಯಿಯನ್ನು ತಿರುಗಾಡಿಸಿಕೊಂಡು ಬಂದಿದ್ದರು. ಮೈಮೇಲೆ ಗಿಳಿ ಹಸಿರು ಜಾಕೆಟ್, ಅಡ್ಡಡ್ಡ ಗುಲಾಬಿ ಪಟ್ಟಿ. ಅವರ ಕಣ್ಣು ನನ್ನನ್ನು ದಾಟಿ, ಗೂಟಕ್ಕೆ ನೇತು ಹಾಕಿದ್ದ ನನ್ನ ಜಾಕೆಟ್ ಮೇಲೆ ಹೋಯಿತು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

‘ನಿಮಗೆ ಎಷ್ಟು ಕಡಿತ ಸಿಕ್ತು?’ ಅಂತ ಕೇಳಿದರು.

‘ಐವತ್ತು.’

‘ನಂಗೆ ಅರವತ್ತು’ ಅಂದು, ಶಬ್ದದ ವಿಷಯ ಎತ್ತದೆ, ಖುಷಿಯಾಗಿ ಇಳಿದು ಹೋದರು.