ಎಣ್ಣೆ ಸ್ನಾನ ಮತ್ತು ನಾಲ್ಕಿಂಚಿನ ಪೈಪು

ಮನೆ ತುಂಬ ನೆಂಟರಿದ್ದಾಗಲೇ ಬಚ್ಚಲು ಯಾಕೆ ಕಟ್ಟಿಕೊಳ್ಳುತ್ತದೆ? ನಮ್ಮ ದೊಡ್ಡಮ್ಮನನ್ನು ಕೇಳಿದರೆ ದೃಷ್ಟಿ ಎನ್ನುತ್ತಾರೆ. ನಿಜವಾದ ಕಾರಣ ಇಷ್ಟೇ: ಪೈಪು ಅರ್ಧ ಮುಚ್ಚಿ ತಿಂಗಳುಗಟ್ಟಲೆ ಆಗಿರುತ್ತದೆ. ಮನೆಮಂದಿಯ ನೀರು ಹೇಗೋ ಸಂದಿಯಲ್ಲಿ ನುಸುಳಿ ಹೋಗುತ್ತಿರುತ್ತದೆ. ಟವೆಲ್ ಹೆಗಲಿಗೆ ಹಾಕಿಕೊಂಡು ನೆಂಟರು ಸಾಲು ನಿಂತ ದಿನ ಗುಟ್ಟು ರಟ್ಟಾಗುತ್ತದೆ.

ಅದರಲ್ಲೂ ಯುಗಾದಿ. ತಲೆಗೆ ಹರಳೆಣ್ಣೆ, ಮೈಗೆ ಕೊಬ್ಬರಿ ಎಣ್ಣೆ. ಅದನ್ನು ತೆಗೆಯಲು ಸೀಗೆಪುಡಿ, ಕಡಲೆಹಿಟ್ಟು. ಜೊತೆಗೆ ಅತ್ತಿಗೆಯರ ಉದುರಿದ ಕೂದಲು. ಪೈಪು ಮುಚ್ಚಲೆಂದೇ ಗಾರೆ ಕಲಸಿದ್ದರೂ ಇಷ್ಟು ಹದವಾಗಿ ಬರುತ್ತಿರಲಿಲ್ಲ. ಹಿಂದೆಲ್ಲ ಈ ನೀರು ಹಿತ್ತಲಿನ ಬಾಳೆಗಿಡಕ್ಕೆ ಹೋಗುತ್ತಿತ್ತು. ಬಾಳೆ ಯಾವತ್ತೂ ದೂರು ಹೇಳಲಿಲ್ಲ.

ಮೈಸೂರಿನ ನಮ್ಮ ಹಳೇ ಮನೆಯಲ್ಲಿ ಈ ಸಲ ಸ್ನಾನದ ಸರದಿ ಭಾವನಿಗೆ ಬರುವ ಹೊತ್ತಿಗೆ ನೀರು ಪಾದ ಮುಚ್ಚಿತ್ತು. ಬಾಗಿಲ ಸಂದಿಯಿಂದ ನೊರೆ ಹೊರಗೆ ಬಂತು. ಹಿಂದೆಯೇ ಭಾವ ಬಂದರು.

ಭಾವ ಸಿವಿಲ್ ಎಂಜಿನಿಯರ್. ತಲೆಯಲ್ಲಿ ಸೀಗೆಪುಡಿ ಇದ್ದಂತೆಯೇ ತೀರ್ಪು ಕೊಟ್ಟರು. "ವಾಟ ಸರಿಯಿಲ್ಲ. ನಾಲ್ಕಿಂಚಿನ ಪೈಪಿಗೆ ನಲವತ್ತಡಿಗೆ ಒಂದಡಿ ಇಳಿಜಾರು ಇರಬೇಕು." ಮನೆ ಕಟ್ಟಿ ಮೂವತ್ತು ವರ್ಷ ನೀರು ಸಲೀಸಾಗಿ ಹರಿದಿದೆ, ವಾಟ ಈಗ ಎಲ್ಲಿಗೆ ಹೋಯಿತು ಎಂದು ಯಾರೂ ಕೇಳಲಿಲ್ಲ. ಮನೆಯ ಅಳಿಯ ಅಲ್ವಾ.

ದೊಡ್ಡಮ್ಮನ ಬೆರಳು ಮಾತ್ರ ಛಾವಣಿಯ ಕಡೆ ತಿರುಗಿತ್ತು. ಮೇಲಿನ ಮನೆಯಲ್ಲಿ ಬಾಡಿಗೆಗೆ ಇರುವುದು ಚಿಕ್ಕ ವಯಸ್ಸಿನ ಗಂಡ ಹೆಂಡತಿ, ಒಂದು ಕೈಕೂಸು. "ಮಗೂಗೆ ಒರೆಸೋ ಆ ಒದ್ದೆ ಪೇಪರ್ ಎಲ್ಲಾ ಕಮೋಡಿಗೆ ಹಾಕ್ತಾರೆ. ನಂಗೊತ್ತು." ಅದು ಕರಗುವುದಿಲ್ಲ, ಪೈಪು ಕಟ್ಟುತ್ತದೆ ಎನ್ನುವುದೇನೋ ನಿಜ. ಆದರೆ ಅವರು ಹಾಕಿದ್ದನ್ನು ದೊಡ್ಡಮ್ಮ ಯಾವಾಗ ಕಂಡರೋ ಗೊತ್ತಿಲ್ಲ.

ಅಷ್ಟರಲ್ಲಿ ನಮ್ಮಣ್ಣ ಅಂಗಡಿಯಿಂದ ಪುಡಿ ತಂದು ಸುರಿದಾಗಿತ್ತು. ಬುಸ್ ಎಂದು ಹೊಗೆ ಬಂತು, ನೀರು ಬಿಸಿಯಾಯಿತು, ಒಂದಿಂಚೂ ಇಳಿಯಲಿಲ್ಲ. ಪಿಯುಸಿ ಓದುವ ಅವನ ಮಗ ಮೊಬೈಲಿನಿಂದ ತಲೆ ಎತ್ತದೆ ಹೇಳಿದ: "ಅಪ್ಪಾ, ಅದು ಕಾಸ್ಟಿಕ್ ಸೋಡಾ. ಎಣ್ಣೆ ಜೊತೆ ಸೇರಿದ್ರೆ ಸೋಪ್ ಆಗುತ್ತೆ." ಹೀಗೆ ಹಬ್ಬದ ದಿನ ನಮ್ಮ ಪೈಪಿನಲ್ಲಿ ಒಂದು ಸಾಬೂನಿನ ಕಾರ್ಖಾನೆಯೂ ಶುರುವಾಯಿತು. ಮೇಲೆ ಬ್ಲೀಚಿಂಗ್ ಪುಡಿ, ಅದರ ಮೇಲೆ ಆ್ಯಸಿಡ್ ಎಂದು ಎದುರು ಮನೆಯ ಅಂಕಲ್ ಸಲಹೆ ಕೊಟ್ಟರು. ಅವೆರಡು ಕೂಡಿದರೆ ಬರುವುದು ಕ್ಲೋರಿನ್, ಉಸಿರುಗಟ್ಟಿಸುವ ವಿಷಗಾಳಿ. ಹುಡುಗ ಈ ಸಲ ತಲೆ ಎತ್ತಿಯೇ ಬೇಡ ಎಂದ.

ಪ್ಲಂಬರ್‌ಗೆ ಫೋನ್ ಮಾಡಿದೆ. "ಇವತ್ತು ಹಬ್ಬ ಸಾರ್. ನಾಳೆ ವರ್ಷತೊಡಕು. ಮಟನ್ ಬಿಟ್ಟು ಬೇರೆ ಯಾವ್ ಕೆಲ್ಸಕ್ಕೂ ಕೈ ಹಾಕಲ್ಲ." ನಾವೇ ಚೇಂಬರ್, ಅಂದರೆ ಮೋರಿ ಪೈಪುಗಳು ಕೂಡುವ ಗುಂಡಿಯ ಮುಚ್ಚಳ ಎತ್ತೋಣ ಎಂದರೆ ದೊಡ್ಡಮ್ಮ ಅಡ್ಡ ನಿಂತರು. ವರ್ಷತೊಡಕಿನ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದನ್ನೇ ಮಾಡುತ್ತೇವಂತೆ. ಮೋರಿಗೆ ಕೈ ಹಾಕಲು ಯಾರಿಗೂ ಧೈರ್ಯ ಬರಲಿಲ್ಲ. ನೆಂಟರೆಲ್ಲ ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಸ್ನಾನ ಮುಗಿಸಿದರು. ವರ್ಷವೆಲ್ಲ ಅಲ್ಲೇ ಸ್ನಾನ ಎಂದು ಯಾರೋ ಗೊಣಗಿದ್ದು ದೊಡ್ಡಮ್ಮನಿಗೆ ಕೇಳಿಸಲಿಲ್ಲ.

ವರ್ಷತೊಡಕಿನ ಮರುದಿನ ಬಂದ ಪ್ಲಂಬರ್ ಮೊದಲು ಚೀಲ ಬಿಚ್ಚಲೇ ಇಲ್ಲ. ಡಾಕ್ಟರರ ಹಾಗೆ ಪ್ರಶ್ನೆ ಕೇಳಿದರು. ಪುಡಿ ಗಿಡಿ ಹಾಕಿದ್ದೀರಾ? ಹಾಕಿದ್ದೇವೆ ಎಂದ ತಕ್ಷಣ ದಪ್ಪ ಕೈಗವಸು ಹೊರಗೆ ಬಂತು. ಅಡಿಗೆಮನೆ ಸಿಂಕು ಹರಿಯುತ್ತಾ? ಹರಿಯುತ್ತೆ, ಅದರ ಲೈನು ಬೇರೆ. ಮೇಲ್ಗಡೆ ಫ್ಲಶ್ ಮಾಡಿದರೆ ಕೆಳಗೆ ಸದ್ದು ಬರುತ್ತಾ? ಮಾಡಿಸಿ ನೋಡಿದೆವು. ನಮ್ಮ ಬಚ್ಚಲಿನ ಜಾಲರಿ ಗುಳುಗುಳು ಎಂದು ಗುಳ್ಳೆ ಬಿಟ್ಟಿತು.

"ಹಂಗಾದ್ರೆ ಕಟ್ಟಿರೋದು ಬಚ್ಚಲ ಜಾಲರಿ ಕೆಳಗಿನ ಟ್ರ್ಯಾಪ್ ಅಲ್ಲ ಸಾರ್. ಮೈನ್ ಲೈನೇ. ಗಾಳಿಗೆ ಮುಂದೆ ಹೋಗಕ್ಕೆ ದಾರಿ ಇಲ್ಲ, ಹಿಂದಕ್ಕೆ ಬರ್ತೈತೆ."

ಎದುರು ಮನೆಯ ಅಂಕಲ್ ಬಿಡಲಿಲ್ಲ. ಕಟ್ಟಿರುವುದು ರಸ್ತೆಯ ಯುಜಿಡಿ, ಅಂದರೆ ಒಳಚರಂಡಿ, ಯಾರನ್ನಾದರೂ ಮ್ಯಾನ್‌ಹೋಲಿಗೆ ಇಳಿಸಿ ಎಂದರು. ಇದಕ್ಕೆ ಮಾತ್ರ ಪ್ಲಂಬರ್ ಮುಖ ಗಂಟಾಯಿತು. ಹಾಗೆ ಇಳಿದು ಸತ್ತವರು ಕಡಿಮೆಯೇ? ರಕ್ಷಣೆಯ ಸಲಕರಣೆ ಇಲ್ಲದೆ ಇಳಿಸುವುದನ್ನು 2013ರ ಕಾಯ್ದೆಯೇ ನಿಷೇಧಿಸಿದೆ. ಅದು ಯಂತ್ರದ ಕೆಲಸ. ಅವರು ವಾದ ಮಾಡದೆ ಗೇಟಿನ ಹತ್ತಿರದ ಚೇಂಬರ್ ಮುಚ್ಚಳ ಎತ್ತಿ ತೋರಿಸಿದರು. ಒಣಗಿತ್ತು. ರಸ್ತೆಯ ಲೈನ್ ಕಟ್ಟಿದ್ದರೆ ಅದು ತುಂಬಿರಬೇಕಿತ್ತು. ಬಚ್ಚಲಿನ ಪಕ್ಕದ ಚೇಂಬರ್ ಎತ್ತಿದರೆ ಬಾಯಿಮಟ್ಟ ನೀರು. ಅಂದರೆ ಗಂಟು ಇರುವುದು ಈ ಎರಡರ ನಡುವೆ. ಇಷ್ಟು ಸುಲಭದ ಪರೀಕ್ಷೆ ಎಂಜಿನಿಯರ್ ಭಾವನಿಗೆ ಯಾಕೆ ಹೊಳೆಯಲಿಲ್ಲವೋ!

ದೊಡ್ಡಮ್ಮ ಅಷ್ಟು ಹೊತ್ತು ಕಾಣಿಸಿರಲಿಲ್ಲ. ಮಂಡಿ ಹಿಡಿದುಕೊಂಡು ಟೆರೇಸಿನಿಂದ ಇಳಿದು ಬಂದರು.

ಕಟ್ಟಿದ ಪೈಪು ಬಿಡಿಸುವ ಉದ್ದನೆಯ ತಂತಿ ಸ್ಪ್ರಿಂಗು ಒಳಗೆ ಹೋಯಿತು. ಅರ್ಧ ದಾರಿಯಲ್ಲಿ ನಿಂತಿತು. ತಿರುಗಿಸಿ ತಿರುಗಿಸಿ ಎಳೆದರೆ ಕೂದಲು, ಸೀಗೆಪುಡಿ, ನಮ್ಮದೇ ಸಾಬೂನು, ಅದೆಲ್ಲವನ್ನೂ ಹಿಡಿದುಕೊಂಡ ಕಂದು ಬಣ್ಣದ ಬೇರಿನ ಜಡೆ. ಮಗುವಿನ ಒದ್ದೆ ಪೇಪರ್ ಒಂದೂ ಇಲ್ಲ. ಎಲ್ಲರೂ ತಲೆ ಎತ್ತಿ ನೋಡಿದೆವು. ಮೇಲೆ ದೊಡ್ಡಮ್ಮ ಪೂಜೆಗೆಂದು ನೆಟ್ಟ ಸಂಪಿಗೆ ಮರ. ಹಳೇ ಮಣ್ಣಿನ ಪೈಪು, ಸಿಮೆಂಟಿನ ಜಾಯಿಂಟು ಬಿರುಕು ಬಿಟ್ಟಿದೆ, ಒಳಗೆ ನೀರೂ ಇದೆ ಗೊಬ್ಬರವೂ ಇದೆ. ಬೇರಿಗೆ ಇನ್ನೇನು ಬೇಕು? ಬರೀ ಕತ್ತರಿಸಿದರೆ ಮತ್ತೆ ಬರುತ್ತದೆ, ಆ ತುಂಡು ಕಿತ್ತು ಪಿವಿಸಿ ಹಾಕಬೇಕು ಎಂದರು ಪ್ಲಂಬರ್. ಹೊಸದಕ್ಕೆ ವಾಟ ತಾನೇ ನೋಡಿಕೊಡುತ್ತೇನೆ ಎಂದು ಭಾವ ಮುಂದೆ ಬಂದರು.

ಎಲ್ಲರ ಕಣ್ಣು ದೊಡ್ಡಮ್ಮನ ಮೇಲೆ. ಅವರು ಸೆರಗು ಸರಿ ಮಾಡಿಕೊಂಡರು. "ಹಬ್ಬದ ದಿನ ಅದಕ್ಕೂ ಎಣ್ಣೆ ಸ್ನಾನ ಬೇಡ್ವೇನೋ, ಪಾಪ!"

ನಗು ಇನ್ನೂ ನಿಂತಿರಲಿಲ್ಲ. ಮೆಟ್ಟಿಲ ಮೇಲೆ ಮೇಲಿನ ಮನೆಯ ಹುಡುಗ ಕಾಣಿಸಿಕೊಂಡ. ಸೊಂಟಕ್ಕೆ ಟವೆಲ್, ತಲೆ ತುಂಬ ಶಾಂಪೂ, ಒಂದು ಕಣ್ಣು ಮುಚ್ಚಿತ್ತು.

"ಅಜ್ಜಿ, ನಮ್ಮನೆ ವಾಲ್ವ್ ಯಾರಾದ್ರೂ ಬಂದ್ ಮಾಡಿದ್ರಾ?"