ಹುಲ್ಲು ಉದ್ದವಾದರೆ 102 ಡಾಲರ್

ಪುರಸಭೆಗೆ ಆದಾಯವೇ ಇಲ್ಲ ಅಂತ ಗೋಳಾಡುವವರು ಅಮೆರಿಕದ ಮಿಸೌರಿ ರಾಜ್ಯದ ಫರ್ಗುಸನ್ ಊರಿನ ಹತ್ತಿರ ಪಾಠ ಹೇಳಿಸಿಕೊಳ್ಳಬೇಕಿತ್ತು. 2010ರ ಹೊತ್ತಿಗೆ 21 ಸಾವಿರ ಜನರಿದ್ದ ಪುಟ್ಟ ಊರು. ತೆರಿಗೆ ಕಮ್ಮಿ ಬಂತಾ? ಇರಲಿ ಬಿಡಿ, ಊರಿನದೇ ಕೋರ್ಟ್ ಇದೆಯಲ್ಲ! 2010ರ ಮಾರ್ಚ್‌ನಲ್ಲಿ ಹಣಕಾಸು ಅಧಿಕಾರಿ ಪೊಲೀಸ್ ಮುಖ್ಯಸ್ಥರಿಗೆ ಬರೆದರು: ವರ್ಷ ಮುಗಿಯುವುದರೊಳಗೆ ದಂಡದ ಚೀಟಿ ಹರಿಯುವುದು ಜಾಸ್ತಿ ಆಗದಿದ್ದರೆ ಮುಂದಿನ ವರ್ಷ ವಸೂಲಿ ಏರುವುದು ಕಷ್ಟ. ಜನ ತಪ್ಪು ಮಾಡುತ್ತಾರೋ ಇಲ್ಲವೋ ಎಂಬ ಸಣ್ಣ ಪ್ರಶ್ನೆ ಅವರಿಗೆ ಅಡ್ಡ ಬರಲಿಲ್ಲ.

ತಪ್ಪಿಗೇನು ಬರವೇ? ಮನೆ ಮುಂದೆ ಹುಲ್ಲು ಉದ್ದ ಬೆಳೆದರೆ 77ರಿಂದ 102 ಡಾಲರ್. ಅದೇ ತಪ್ಪಿಗೆ ಇನ್ನೊಂದು ಊರಲ್ಲಿ ಬರೀ 5 ಡಾಲರ್ ದಂಡವೂ ಇತ್ತು. ಫರ್ಗುಸನ್ನಿನ ಮಣ್ಣು ಫಲವತ್ತು ಅಂತ ಕಾಣುತ್ತೆ. ‘ರಸ್ತೆಯಲ್ಲಿ ನಡೆದ ರೀತಿ’ ಅಂತಲೂ ಒಂದು ಅಪರಾಧ ಇತ್ತು. ಊರಲ್ಲಿ ಆಗ ಕಪ್ಪು ಜನ ಶೇ. 67, ಈ ಕೇಸುಗಳಲ್ಲಿ ಶೇ. 95. ಮಿಕ್ಕವರು ಬಹುಶಃ ತೇಲಿಕೊಂಡು ಓಡಾಡುತ್ತಿದ್ದರು.

2012ರ ಬೇಸಿಗೆ. ಬ್ಯಾಸ್ಕೆಟ್‌ಬಾಲ್ ಆಡಿ, ಕಾರಲ್ಲಿ ಕೂತು ದಣಿವಾರಿಸಿಕೊಳ್ಳುತ್ತಿದ್ದವನ ಮೇಲೆ 8 ಕೇಸು. ಸೀಟ್ ಬೆಲ್ಟ್ ಹಾಕಿಲ್ಲ ಅಂತ ಒಂದು. ಕಾರು ನಿಂತಿತ್ತು, ಅದು ಬೇರೆ ವಿಷಯ. ಸುಳ್ಳು ಹೇಳಿದ ಅಂತ ಇನ್ನೊಂದು. ಹೆಸರು ಕೇಳಿದರೆ ಮೈಕಲ್ ಅನ್ನದೆ ಮೈಕ್ ಅಂದುಬಿಟ್ಟಿದ್ದ ಪಾಪಿ! ಈ ರಗಳೆಯಲ್ಲಿ ಅವನ ಕೆಲಸವೂ ಹೋಯಿತು.

2007ರಲ್ಲಿ ಒಬ್ಬ ಮಹಿಳೆ ಒಮ್ಮೆ ಕಾರನ್ನು ತಪ್ಪು ಜಾಗದಲ್ಲಿ ನಿಲ್ಲಿಸಿದರು. ದಂಡ 151 ಡಾಲರ್, ಮೇಲೆ ಶುಲ್ಕ. ಕೈಯಲ್ಲಿ ಕಾಸಿಲ್ಲದೆ 25, 50 ಅಂತ ಕಟ್ಟಲು ಹೋದರೆ ಕೋರ್ಟ್ ವಾಪಸ್ ಕಳಿಸಿತು. ಹಾಜರಾಗಲಿಲ್ಲ ಅಂತ ಕೇಸಿನ ಮೇಲೆ ಕೇಸು, ದಂಡದ ಮೇಲೆ ದಂಡ. ಎರಡು ಸಲ ಬಂಧನ, 6 ದಿನ ಜೈಲು. 2014ರ ಡಿಸೆಂಬರ್ ಹೊತ್ತಿಗೆ ಅವರು ಕಟ್ಟಿದ್ದು 550 ಡಾಲರ್. ಬಾಕಿ 541! ಮೀಟರ್ ಬಡ್ಡಿಯವರೂ ನಾಚಬೇಕು.

ಇದೆಲ್ಲ ಕಟ್ಟುಕಥೆಯಲ್ಲ. ಅಮೆರಿಕದ ನ್ಯಾಯ ಇಲಾಖೆ 2015ರ ಮಾರ್ಚ್ 4ರಂದು ಹೊರಡಿಸಿದ ವರದಿಯಲ್ಲಿದೆ. ಕೋರ್ಟಿನ ಸಿಬ್ಬಂದಿ ಆಗ ಪೊಲೀಸ್ ಮುಖ್ಯಸ್ಥರ ಕೈಕೆಳಗಿದ್ದರು, ನ್ಯಾಯಾಧೀಶರನ್ನು ನೇಮಿಸುತ್ತಿದ್ದುದು ನಗರಸಭೆ. ಎಲ್ಲ ಒಂದೇ ಸೂರಿನಡಿ, ಎಷ್ಟು ಅನುಕೂಲ ಅಲ್ವಾ? 2013 ಒಂದೇ ವರ್ಷದಲ್ಲಿ ಈ ಕೋರ್ಟ್ 9,000ಕ್ಕೂ ಹೆಚ್ಚು ವಾರಂಟ್ ಹೊರಡಿಸಿತು.

ಕಪ್ಪು ಜನರ ಮೇಲೇ ಯಾಕೆ ಇಷ್ಟೊಂದು ಕೇಸು ಅಂತ ತನಿಖೆಯವರು ಕೇಳಿದಾಗ ಕೆಲವು ಅಧಿಕಾರಿಗಳ ಹತ್ತಿರ ಉತ್ತರ ರೆಡಿ ಇತ್ತು: ಆ ಜನಕ್ಕೆ ಸ್ವಂತ ಜವಾಬ್ದಾರಿ ಅನ್ನೋದು ಇಲ್ಲ.

ಜವಾಬ್ದಾರಿ ಇದ್ದವರು ಹೇಗಿರುತ್ತಾರೆ ನೋಡಿ. ಅದೇ 2013ರಲ್ಲಿ ಹೇಜಲ್‌ವುಡ್ ಎಂಬ ಊರಿನ ಸಿಗ್ನಲ್ ಕ್ಯಾಮೆರಾದಿಂದ ಫರ್ಗುಸನ್ನಿನ ನ್ಯಾಯಾಧೀಶರಿಗೇ ಒಂದು ಚೀಟಿ ಬಂತು. ಅವರೇನು ಕ್ಯೂ ನಿಂತರೇ? ತಮ್ಮ ಕೋರ್ಟಿನ ಸರ್ಕಾರಿ ವಕೀಲರಿಗೆ ಇಮೇಲ್ ಕಳಿಸಿದರು, ಇದನ್ನು ವಜಾ ಮಾಡಿಸಿ ಅಂತ. ಆ ವಕೀಲರೇ ಆಗ ಹೇಜಲ್‌ವುಡ್‌ಗೂ ಸರ್ಕಾರಿ ವಕೀಲರಾಗಿದ್ದರು. ಕೆಲಸ ಆಯಿತು ಅಂತ ಉತ್ತರ ಬಂತು. ಜೊತೆಗೊಂದು ಕಾನೂನು ಸಲಹೆ: ಎರಡನೇ ನೋಟಿಸ್ ಬಂದರೂ ಬರಬಹುದು, ಬಂದರೆ ಸುಮ್ನೆ ಬಿಟ್ಟುಬಿಡಿ.